ಅಯ್ಯನವರು ಯಾವಾಗ ಮಾತಾಡಬೇಕು, ಯಾವಾಗ ಸುಮ್ಮನಿರಬೇಕು? ಪೈಸಾರಿ ಜಾಗದ ವಿಷಯಕ್ಕೆ ನಮ್ಮ ಸಭೆ ಒಡೆಯುತ್ತಿದೆ

ರೋಬಸ್ಟಾ_ಹೂವು

ಎಲ್ಲರಿಗೂ ನಮಸ್ಕಾರ. ಸಭೆಯ ಒಳಗಿನ ಮಾತನ್ನು ಹೊರಗೆ ಹಾಕಬೇಕೋ ಬೇಡವೋ ಅಂತ ಒಂದು ವಾರ ಯೋಚನೆ ಮಾಡಿದೆ. ಊರಿನ ಹೆಸರು, ಜನರ ಹೆಸರು ಹೇಳುವುದಿಲ್ಲ. ಕೊಡಗಿನ ಒಂದು ಸಣ್ಣ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಅಷ್ಟು ಸಾಕು. ಅಯ್ಯನವರು ಅಂದರೆ ನಮ್ಮ ಸಭಾಪಾಲಕರು, ಪಾದ್ರಿ. ನಾನು ಸಭಾ ಸಮಿತಿಯಲ್ಲಿ ಇದ್ದೇನೆ.

ನಮ್ಮಲ್ಲಿ ಐದು ಎಕರೆ, ಹತ್ತು ಎಕರೆ ತೋಟ ಇರುವವರೂ ಇದ್ದಾರೆ, ಅದೇ ತೋಟಗಳ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರಿಗೆ ಸಾಲಾಗಿ ಕಟ್ಟಿದ ಮನೆಯಲ್ಲಿ, ಇರುವವರೂ ಇದ್ದಾರೆ. ಭಾನುವಾರ ಒಂದೇ ರೊಟ್ಟಿ, ಒಂದೇ ಪಾತ್ರೆ. ಆದರೆ ಯಾರೂ ಹೇಳದೆಯೇ ಒಬ್ಬರು ಮುಂದಿನ ಬೆಂಚಲ್ಲಿ, ಇನ್ನೊಬ್ಬರು ಬಾಗಿಲ ಹತ್ತಿರ.

ಪೈಸಾರಿ ಅಂದರೆ ಸರ್ಕಾರಿ ಜಾಗ. ಅದರಲ್ಲಿ ಕಾಫಿ ಹಾಕಿಕೊಂಡವರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆಗೆ ಕೊಡುವ ಕಾನೂನು ಬಂತಲ್ವಾ. ಮುಂದಿನ ಬೆಂಚಿನವರಿಗೆ ಅದು ಎಷ್ಟೋ ವರ್ಷದ ಭಯಕ್ಕೆ ಸಿಕ್ಕ ಉತ್ತರ. ಹಿಂದಿನ ಬೆಂಚಿನವರು ಕೇಳುತ್ತಾರೆ, ಮೂವತ್ತು ವರ್ಷ ಇದೇ ಮಣ್ಣಲ್ಲಿ ದುಡಿದವರಿಗೆ ಮೂರು ಸೆಂಟ್ ಜಾಗ ಇಲ್ಲ, ಒತ್ತುವರಿ ಮಾಡಿದವರಿಗೆ 25 ಎಕರೆಯಾ ಅಂತ. ನಿವೇಶನ ಕೇಳಿ ತಾಲ್ಲೂಕು ಕಚೇರಿ ಮುಂದೆ ಕೂತವರಲ್ಲಿ ನಮ್ಮ ಸಭೆಯ ಎರಡು ಕುಟುಂಬ ಇತ್ತು. ಯುವಜನ ಕೂಟದವರು ಅಯ್ಯನವರ ಹತ್ತಿರ ಹೋಗಿ, ಇದರ ಬಗ್ಗೆ ಪ್ರಸಂಗದಲ್ಲಿ (ಭಾನುವಾರದ ಉಪದೇಶದಲ್ಲಿ) ಹೇಳಿ ಅಂತ ಕೇಳಿದರು. ಅದೇ ವಾರ ಸಮಿತಿಯ ಒಬ್ಬ ಹಿರಿಯರು ಹೇಳಿದರು: ದೇವಾಲಯಕ್ಕೆ ರಾಜಕೀಯ ತಂದರೆ ನಮ್ಮ ಮನೆಯ ಕಾಣಿಕೆ ನಿಲ್ಲುತ್ತೆ.

ಅಯ್ಯನವರು ಏನೂ ಹೇಳಲಿಲ್ಲ. ಪ್ರಾರ್ಥನೆಯಲ್ಲೂ ಇಲ್ಲ. ಆ ಎರಡು ಕುಟುಂಬ ಈಗ ಬರುತ್ತಿಲ್ಲ.

ಅಯ್ಯನವರ ಮೇಲೆ ನನಗೆ ಸಿಟ್ಟಿಲ್ಲ. ಒಳ್ಳೆಯ ಮನುಷ್ಯ. ನಮ್ಮಮ್ಮ ಆಸ್ಪತ್ರೆಯಲ್ಲಿದ್ದಾಗ ರಾತ್ರಿ ಮಳೆಯಲ್ಲಿ ಬಂದು ಕೂತವರು. ಆದರೆ 2023ರಲ್ಲಿ ಮಣಿಪುರದ ಗಲಭೆಯಲ್ಲಿ ಚರ್ಚುಗಳು ಸುಟ್ಟ ಸುದ್ದಿ ಬಂದಾಗ ಇದೇ ಅಯ್ಯನವರು ಎರಡು ಭಾನುವಾರ ಬಿಡದೆ ಅದನ್ನೇ ಹೇಳಿದರು. ಕಣ್ಣೀರು ಹಾಕಿದರು. ಆಗ ಯಾರೂ ರಾಜಕೀಯ ಅನ್ನಲಿಲ್ಲ. ಅಷ್ಟು ದೂರದ್ದಕ್ಕೆ ಮಾತು ಬಂತು, ದೇವಾಲಯದ ಬಾಗಿಲಲ್ಲಿ ಕೂತವರದ್ದಕ್ಕೆ ಬರಲಿಲ್ಲ. ಯಾಕೆ?

ಇನ್ನೊಂದು ವಿಷಯ ಮುಚ್ಚಿಡುವುದು ಸರಿಯಲ್ಲ. ನಮ್ಮಪ್ಪನ ತೋಟದಲ್ಲೂ ಸುಮಾರು ಮೂರು ಎಕರೆ ಪೈಸಾರಿ ಇದೆ. ನಾವೂ ಅರ್ಜಿ ಹಾಕಿದ್ದೇವೆ.

ಸಭೆ ನಡೆಸಿದವರು, ಅದನ್ನು ಹತ್ತಿರದಿಂದ ನೋಡಿದವರು ಹೇಳಿ. ಇಂಥದ್ದನ್ನು ಅವರು ಹೇಗೆ ತೀರ್ಮಾನ ಮಾಡುತ್ತಾರೆ?

---

ನಿವೃತ್ತ_ಸಭಾಪಾಲಕ

ತಂಗಿ, ನಿಮ್ಮ ಪ್ರಶ್ನೆ ಓದಿ ರಾತ್ರಿ ನಿದ್ದೆ ಬರಲಿಲ್ಲ. ನಾನು ಕೊಡಗಿನಲ್ಲಿ ಎರಡು ಕಡೆ ಸೇವೆ ಮಾಡಿದವನು. ನಿಮ್ಮ ಅಯ್ಯನವರ ಜಾಗದಲ್ಲಿ ನಾನೂ ನಿಂತಿದ್ದೇನೆ. ಆಗ ಒಳಗೆ ಏನು ನಡೆಯುತ್ತೆ ಅಂತ ಇದ್ದ ಹಾಗೆ ಹೇಳುತ್ತೇನೆ.

ಮೊದಲು ಬರುವುದು ಭಯ. ಅದಕ್ಕೆ ಬೇರೆ ಹೆಸರು ಕೊಡುವುದು ಬೇಡ. ಸಭೆ ಒಡೆದೀತು, ಕಾಣಿಕೆ ಕಡಿಮೆಯಾದೀತು, ಬಿಷಪ್‌ಗೆ ಪತ್ರ ಹೋದೀತು, ಮಕ್ಕಳ ಶಾಲೆಯ ಮಧ್ಯದಲ್ಲೇ ವರ್ಗಾವಣೆ ಆದೀತು. ಕಷ್ಟ ಏನೆಂದರೆ ಭಯ ಭಯದ ಹಾಗೆ ಬರುವುದಿಲ್ಲ, ವಿವೇಕದ ಅಂಗಿ ಹಾಕಿಕೊಂಡು ಬರುತ್ತೆ. 'ಸಭೆಯ ಐಕ್ಯತೆ' ಅನ್ನುತ್ತೆ. ಕೆಲವು ಸಲ ಅದು ನಿಜವಾದ ವಿವೇಕವೂ ಆಗಿರುತ್ತೆ, ಅದಕ್ಕೇ ಗುರುತಿಸುವುದು ಕಷ್ಟ. ನಾನು ಒಂದು ಪ್ರಶ್ನೆ ಇಟ್ಟುಕೊಂಡಿದ್ದೆ. ನಾನು ಸುಮ್ಮನಿದ್ದರೆ ಯಾರಿಗೆ ಸಮಾಧಾನ ಆಗುತ್ತೆ? ಮನೆಯಲ್ಲಿ ಕಾಫಿ ಕೊಟ್ಟು ಕೂರಿಸುವವರಿಗೆ ಮಾತ್ರ ಅಂತಾದರೆ ನನ್ನ ಮೌನ ವಿವೇಕ ಅಲ್ಲ.

ಎರಡನೆಯದು, ಯೇಸುವಿನ ಹತ್ತಿರವೂ ಜನ ಸುದ್ದಿ ಹಿಡಿದುಕೊಂಡೇ ಬಂದರು. ಲೂಕನ 13ನೇ ಅಧ್ಯಾಯ ನೋಡಿ. ಬಲಿ ಕೊಡುತ್ತಿದ್ದ ಗಲಿಲಾಯದವರನ್ನು ಪಿಲಾತ ಕೊಲ್ಲಿಸಿದ ಸುದ್ದಿ ಅದು. ಅವತ್ತಿನ ಮಟ್ಟಿಗೆ ಇದಕ್ಕಿಂತ ಬಿಸಿ ಸುದ್ದಿ ಇಲ್ಲ. ಆತ ಆ ಸುದ್ದಿಯನ್ನು ತಳ್ಳಲಿಲ್ಲ. ಸಿಲೊವಾಮಿನ ಬುರುಜು ಬಿದ್ದು ಸತ್ತ ಹದಿನೆಂಟು ಜನರ ಮಾತನ್ನೂ ತಾನೇ ತೆಗೆದ. ಸತ್ತವರು ನಿಮಗಿಂತ ಪಾಪಿಗಳು ಅಂದುಕೊಂಡಿರಾ ಅಂತ ಕೇಳಿ, ಸುದ್ದಿ ತಂದವರ ಕಡೆಗೇ ಮುಖ ತಿರುಗಿಸಿದ. ಆದರೆ ಒಂದು ಅಧ್ಯಾಯ ಹಿಂದೆ ಹೋಗಿ. ಅಣ್ಣತಮ್ಮಂದಿರ ಆಸ್ತಿ ಪಾಲು ಮಾಡಿಸು ಅಂತ ಒಬ್ಬ ಬಂದಾಗ, ನಿಮಗೆ ಪಾಲು ಮಾಡುವುದಕ್ಕೆ ನನ್ನನ್ನು ಯಾರು ನೇಮಿಸಿದರು ಅಂದ. ಅಷ್ಟಕ್ಕೇ ಬಿಡಲೂ ಇಲ್ಲ, ಅದರ ಬೆನ್ನಿಗೇ ದುರಾಸೆಯ ಬಗ್ಗೆ ಹೇಳಿದ. ಎಕರೆ ಲೆಕ್ಕಕ್ಕೆ ಕೈ ಹಾಕಲಿಲ್ಲ, ಮನಸ್ಸಿನ ಲೆಕ್ಕ ಬಿಡಲಿಲ್ಲ. ನನಗೆ ಈ ಎರಡು ಅಧ್ಯಾಯಗಳೇ ದಾರಿ ತೋರಿಸಿದ್ದು.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡ ಜರಿಯಿತಲ್ಲ. ಆಗ ಮೊಬೈಲ್ ತುಂಬ ಒಂದೇ ಮಾತು, ಇದು ಯಾರ ಪಾಪಕ್ಕೆ ಬಂದ ಶಿಕ್ಷೆ ಅಂತ. ಒಬ್ಬರು ರೆಸಾರ್ಟಿನವರ ಪಾಪ ಅಂದರು, ಇನ್ನೊಬ್ಬರು ಬೇರೆ ಧರ್ಮದವರ ಪಾಪ ಅಂದರು. ಮನೆ ಕಳೆದುಕೊಂಡವರು ಶಿಬಿರದಲ್ಲಿ ಚಾಪೆ ಮೇಲೆ ಮಲಗಿದ್ದಾರೆ, ಅವರ ಕಿವಿಗೂ ಇದೇ ಬೀಳುತ್ತಿದೆ. ಆಗ ನಾನು ಯಾರನ್ನೂ ಕೇಳಲಿಲ್ಲ. ಸಿಲೊವಾಮಿನ ಬುರುಜನ್ನೇ ತೆಗೆದುಕೊಂಡೆ. ಮಾತಾಡದಿದ್ದರೆ ಸುಳ್ಳು ಗೆಲ್ಲುತ್ತೆ ಅನ್ನುವಾಗ ಕಾಯುವುದಕ್ಕೆ ಅರ್ಥ ಇಲ್ಲ.

ತಪ್ಪೂ ಮಾಡಿದ್ದೇನೆ. ಒಂದು ಸಲ ಶನಿವಾರ ರಾತ್ರಿ ವಾಟ್ಸಾಪ್‌ನಲ್ಲಿ ಬಂದ ಒಂದು ಸುದ್ದಿಗೆ ರಕ್ತ ಕುದಿಯಿತು. ಭಾನುವಾರ ಬೆಳಿಗ್ಗೆ ಬರೆದಿಟ್ಟ ಪ್ರಸಂಗ ಬಿಟ್ಟು ಅದನ್ನೇ ಹೇಳಿದೆ. ಬುಧವಾರ ಗೊತ್ತಾಯಿತು ಸುದ್ದಿ ಸುಳ್ಳು ಅಂತ. ಮುಂದಿನ ಭಾನುವಾರ ಅದೇ ಜಾಗದಲ್ಲಿ ನಿಂತು ಕ್ಷಮೆ ಕೇಳಿದೆ. ಆದರೆ ಮೊದಲ ವಾರ ಬಂದವರೆಲ್ಲ ಎರಡನೇ ವಾರ ಬಂದಿರಲಿಲ್ಲ. ಆ ಮಾತು ಅವರ ಜೊತೆ ಹೋಗಿ ಆಗಿತ್ತು. ಅವತ್ತಿನಿಂದ ಕಣ್ಣಾರೆ ಕಂಡವರ ಹತ್ತಿರ ಕೇಳದೆ ಯಾವ ಸುದ್ದಿಯನ್ನೂ ಪ್ರಸಂಗಕ್ಕೆ ತರಲಿಲ್ಲ.

ಇನ್ನೊಂದು, ಪ್ರಸಂಗ ಪೀಠದ ದೊಡ್ಡ ಕೊರತೆ ಅಂದರೆ ಅಲ್ಲಿ ಯಾರೂ ಎದ್ದು ಎದುರು ಮಾತಾಡುವ ಹಾಗಿಲ್ಲ. ಅದಕ್ಕೇ ನನ್ನ ಸ್ವಂತ ಅಭಿಪ್ರಾಯವನ್ನು ಅಲ್ಲಿಂದ ಹೇಳುವುದು ನ್ಯಾಯ ಅಲ್ಲ ಅನಿಸುತ್ತಿತ್ತು. ಕೂಲಿ ಹಿಡಿದಿಟ್ಟುಕೊಳ್ಳುವುದು ಪಾಪ, ಇದು ದೇವರ ವಾಕ್ಯದಲ್ಲೇ, ಬೈಬಲಿನಲ್ಲೇ ಇದೆ, ಪೀಠದಿಂದ ಧೈರ್ಯವಾಗಿ ಹೇಳಬೇಕು. ಈ ಗುತ್ತಿಗೆ ಕಾನೂನು ಸರಿಯೋ ತಪ್ಪೋ ಅನ್ನುವುದಕ್ಕೆ ವಾಕ್ಯದಲ್ಲಿ ನೇರ ಉತ್ತರ ಇಲ್ಲ. ಅದನ್ನು ಮನೆ ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಸುತ್ತ ಕೂತು ಮಾತಾಡಬೇಕು. ಅಲ್ಲಿ ನಿಮ್ಮಪ್ಪನೂ ಉತ್ತರ ಕೊಡಬಹುದು, ಲೈನ್ ಮನೆಯವರೂ ಕೊಡಬಹುದು.

ಮಣಿಪುರದ ಬಗ್ಗೆ ಕೇಳಿದಿರಿ. ದೂರದ್ದನ್ನು ಹೇಳಿದರೆ ಕೇಳುವವರು ಯಾರೂ ಏನನ್ನೂ ಬಿಟ್ಟುಕೊಡಬೇಕಾಗಿಲ್ಲ. ಹೇಳಬಾರದು ಅಂತಲ್ಲ, ಹೇಳಲೇಬೇಕಿತ್ತು. ಹತ್ತಿರದ್ದಾದರೆ ಮೊದಲು ಕಾಲು ನಡೆಯಬೇಕು, ಆಮೇಲೆ ಬಾಯಿ. ನಿಮ್ಮ ಅಯ್ಯನವರು ಆ ಎರಡು ಮನೆಗೆ ಹೋದರಾ?

---

ರೋಬಸ್ಟಾ_ಹೂವು

ಇಲ್ಲ ಸರ್, ಹೋಗಿಲ್ಲ. ನಾನೂ ಹೋಗಿಲ್ಲ.

---

ಲೈನ್ಮನೆ_ಮಗಳು

ಅಕ್ಕ, ನೀವು ನಿಮ್ಮ ಅಪ್ಪನ ಮೂರು ಎಕರೆ ವಿಷಯ ಮುಚ್ಚಿಡದೆ ಹೇಳಿದಿರಿ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಸಿದ್ದಾಪುರ ಕಡೆ ಲೈನ್ ಮನೆಯಲ್ಲೇ ಹುಟ್ಟಿದವಳು, ಈಗ ಮೈಸೂರಲ್ಲಿ ನರ್ಸ್. ಅಪ್ಪ ಅಮ್ಮ ಇನ್ನೂ ಅಲ್ಲೇ. ತೋಟದ ಕೆಲಸ ನಿಂತ ದಿನ ಆ ಮನೆಯೂ ಹೋಗುತ್ತೆ.

ನೀವೆಲ್ಲ ಇದನ್ನು ಒಡಕಿನ ವಿಷಯ ಅನ್ನುತ್ತೀರಿ. ನಮಗೆ ಇದು ಒಡಕಿನ ವಿಷಯ ಅಲ್ಲ. ನಾಳೆ ಎಲ್ಲಿ ಮಲಗುವುದು ಅನ್ನುವ ವಿಷಯ.

2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕಿತ್ತು ಹಾಕಿದರಲ್ಲ, ನೂರಾರು ಗುಡಿಸಲು, ಚಳಿಯಲ್ಲಿ ಮಕ್ಕಳು ಬಯಲಲ್ಲಿ. ಆಗ ನಾನು ಪಿಯುಸಿ. ನಮ್ಮ ಲೈನಿನಲ್ಲೇ ಇದ್ದ ಎರವ ಬುಡಕಟ್ಟಿನ ಒಬ್ಬ ಅಜ್ಜಿಯ ನೆಂಟರು ಅಲ್ಲಿದ್ದರು. ಅದು ಕ್ರಿಸ್ಮಸ್‌ಗೆ ಮುಂಚಿನ ವಾರಗಳು. ನಮ್ಮ ಸಭೆಯಲ್ಲಿ ಆ ಭಾನುವಾರದ ಪ್ರಸಂಗ ಮರಿಯ ಯೋಸೇಫರಿಗೆ ಛತ್ರದಲ್ಲಿ ಜಾಗ ಸಿಗದೇ ಹೋದದ್ದು. ತುಂಬ ಚೆನ್ನಾಗಿ ಹೇಳಿದರು, ಜನ ಕಣ್ಣು ಒರೆಸಿಕೊಂಡರು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಅಂತ ಕಾಯುತ್ತಾ ಕೂತೆ. ದಿಡ್ಡಳ್ಳಿ ಅನ್ನುವ ಒಂದು ಪದ ಬರಲಿಲ್ಲ. ಬೆತ್ಲೆಹೇಮಿನ ತನಕ ಹೋಗಿ ಬಂದೆವು, ನಮ್ಮ ಜಿಲ್ಲೆಯೊಳಗಿನ ಒಂದು ಊರಿಗೆ ಹೋಗಲಿಲ್ಲ.

ಸರ್ಕಾರಕ್ಕೆ ಬಯ್ಯಿ ಅಂತ ನಾನು ಕಾಯಲಿಲ್ಲ. ಆ ಪಕ್ಷ ಈ ಪಕ್ಷ ಅನ್ನಬೇಕಾಗಿರಲಿಲ್ಲ. 'ಕರ್ತನೇ, ದಿಡ್ಡಳ್ಳಿಯಲ್ಲಿ ಚಳಿಯಲ್ಲಿರುವ ಮಕ್ಕಳನ್ನು ನೆನಪು ಮಾಡಿಕೋ' ಅಂತ ಪ್ರಾರ್ಥನೆಯಲ್ಲಿ ಒಂದು ಸಾಲು ಸಾಕಿತ್ತು. ಅದಕ್ಕೂ ಸಮಿತಿಯ ಒಪ್ಪಿಗೆ ಬೇಕಾ?

ಯಾಕೆ ಸುಮ್ಮನಿದ್ದರು ಅಂತ ಆಮೇಲೆ ಅಪ್ಪನನ್ನು ಕೇಳಿದೆ. ಅಪ್ಪ ಬೇಜಾರು ಮಾಡಿಕೊಳ್ಳಲಿಲ್ಲ. 'ಅವರಿಗೆ ಮುಂದಿನ ಬೆಂಚು ಮಾತ್ರ ಕಾಣುತ್ತೆ ಮಗಾ, ನಾವು ಕಂಬದ ಹಿಂದೆ ಕೂರ್ತೀವಲ್ಲ' ಅಂದ. ಅದು ನನಗೆ ಜಾಸ್ತಿ ನೋವಾಯಿತು.

---

ಕುಶಾಲನಗರ_ಸಭೆ

ನನ್ನ ಮಾತು ಹಲವರಿಗೆ ಹಿಡಿಸಲಿಕ್ಕಿಲ್ಲ. ಪಾಸ್ಟರ್‌ಗಳು ಇಂಥ ವಿಷಯದಿಂದ ದೂರ ಇರುವುದೇ ಒಳ್ಳೆಯದು ಅಂತ ನಾನು ಪ್ರಾಮಾಣಿಕವಾಗಿ ನಂಬುತ್ತೇನೆ. ನಮ್ಮದು ಬಾಡಿಗೆ ಹಾಲ್‌ನಲ್ಲಿ ನಡೆಯುವ ಸಣ್ಣ ಸಭೆ. ಹಿಂದೆ ಬಿಷಪ್ ಇಲ್ಲ, ವಕೀಲರಿಲ್ಲ. 2022ರಲ್ಲಿ ಮತಾಂತರ ತಡೆಯುವ ಕಾನೂನು ಬಂದಾಗ ಹಾಲ್ ಕೊಟ್ಟವರೇ ಬಂದು, ಬೇರೆ ಜಾಗ ನೋಡಿಕೊಳ್ಳಿ ಅಂದಿದ್ದರು. 2023ರ ಜೂನ್‌ನಲ್ಲಿ ಅದನ್ನು ವಾಪಸ್ ತೆಗೆಯಲು ಸಂಪುಟ ತೀರ್ಮಾನ ಮಾಡಿತು, ಆದರೆ ಜನರ ಕಣ್ಣಿನ ಅನುಮಾನ ಹೋಯಿತಾ? ಈಗ ಪ್ರತಿಯೊಬ್ಬರ ಕೈಯಲ್ಲೂ ಮೊಬೈಲ್ ಇದೆ. ನಲವತ್ತು ನಿಮಿಷದ ಪ್ರಸಂಗದಿಂದ ಇಪ್ಪತ್ತು ಸೆಕೆಂಡ್ ಕತ್ತರಿಸಿ ಹಾಕಿದರೆ ಮುಗಿಯಿತು, ತೊಂದರೆ ಆಗುವುದು ಪಾಸ್ಟರ್‌ಗೆ ಮಾತ್ರ ಅಲ್ಲ, ಹಾಲ್‌ಗೆ ಬಂದು ಹೋಗುವ ಎಲ್ಲ ಹೆಣ್ಣುಮಕ್ಕಳಿಗೂ.

ಚುನಾವಣೆ ಸಮಯದಲ್ಲಂತೂ ಕಾನೂನೇ ಇದೆ. ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಂ ಪ್ರಕಾರ ಧರ್ಮದ ಹೆಸರಲ್ಲಿ ಮತ ಕೇಳುವುದು ಭ್ರಷ್ಟ ನಡವಳಿಕೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಅದನ್ನು ಇನ್ನೂ ಬಿಗಿ ಮಾಡಿತು. ಅಭ್ಯರ್ಥಿಯ ಧರ್ಮ ಅಷ್ಟೇ ಅಲ್ಲ, ಮತದಾರರ ಧರ್ಮದ ಹೆಸರಲ್ಲಿ ಕೇಳಿದರೂ ತಪ್ಪೇ.

ಒಬ್ಬ ಪಾಸ್ಟರ್ ತನಗಾಗಿ ಹೆದರಿದರೆ ಅದು ದೌರ್ಬಲ್ಯ. ತನ್ನ ಕುರಿಗಳಿಗಾಗಿ ಹೆದರಿದರೆ ಅದನ್ನು ಹಾಗೆ ಕರೆಯಬೇಡಿ.

---

ಬಲ್ಮಠ_ವಿದ್ಯಾರ್ಥಿ

ಕುಶಾಲನಗರದ ಅಣ್ಣ ಹೇಳಿದ ಕೊನೆಯ ಮಾತಿಗೆ ನಾನು ತಲೆಬಾಗುತ್ತೇನೆ. ಆದರೆ ಪ್ರಶ್ನೆ ಕೇಳಿದ ಅಕ್ಕನ ಸಭೆಗೆ ಹೊರಗಿನಿಂದ ಅಪಾಯ ಇಲ್ಲ ಅಲ್ವಾ. ಅಲ್ಲಿ ಇರುವುದು ಒಳಗಿನ ಒತ್ತಡ. ಎರಡೂ ಒಂದೇ ಅಲ್ಲ. ಒಂದಕ್ಕೆ ಸರಿಯಾದ ಉತ್ತರ ಇನ್ನೊಂದಕ್ಕೆ ನೆಪ ಆಗಬಾರದು.

ನಾನು ಮಂಗಳೂರಿನ ಬಲ್ಮಠದಲ್ಲಿ ದೇವಶಾಸ್ತ್ರ ಓದುತ್ತಿದ್ದೇನೆ. ಇತಿಹಾಸದ ತರಗತಿಯಲ್ಲಿ ನನ್ನನ್ನು ತುಂಬ ಕಾಡಿದವರು ಜರ್ಮನಿಯ ಪಾದ್ರಿ ಮಾರ್ಟಿನ್ ನಿಮೊಲರ್. ಹಿಟ್ಲರನನ್ನು ಎದುರಿಸಿ 1937ರಲ್ಲಿ ಬಂಧನಕ್ಕೆ ಹೋದವರು, 1945ರವರೆಗೆ ಹೊರಗೆ ಬರಲಿಲ್ಲ. ಅಷ್ಟು ಮಾತ್ರ ಹೇಳಿದರೆ ಅವರು ವೀರ. ಆದರೆ ಮೊದಲು ಅವರೂ ಹಿಟ್ಲರನನ್ನು ಬೆಂಬಲಿಸಿದವರೇ. ಅವರು ತಿರುಗಿ ಬಿದ್ದದ್ದು ಸರ್ಕಾರ ಸಭೆಯ ಒಳಗೆ ಕೈ ಹಾಕಿ, ಯೆಹೂದಿ ಮೂಲದ ಪಾದ್ರಿಗಳನ್ನು ತೆಗೆಯಿರಿ ಅಂದಾಗ. ಅಷ್ಟರೊಳಗೆ ಹೊರಗೆ ಎಷ್ಟೋ ಜನರ ಮೇಲೆ ಕೈ ಬಿದ್ದಿತ್ತು. ಯುದ್ಧ ಮುಗಿದ ಮೇಲೆ ಅವರೇ ಊರೂರಿಗೆ ಹೋಗಿ, ಬೇರೆಯವರನ್ನು ಹಿಡಿದಾಗ ನಾನು ಸುಮ್ಮನಿದ್ದೆ ಅಂತ ಒಪ್ಪಿಕೊಂಡರು. ಮಣಿಪುರಕ್ಕೆ ಬಂದ ಮಾತು ನಿವೇಶನಕ್ಕೆ ಯಾಕೆ ಬರಲಿಲ್ಲ ಅಂತ ಅಕ್ಕ ಕೇಳಿದ್ದು ಓದಿ ಇದು ನೆನಪಾಯಿತು. ಸುಟ್ಟ ಚರ್ಚು ನಮ್ಮದು ಅನಿಸುತ್ತೆ. ಗುಡಿಸಲು ಬೇರೆಯವರದ್ದು ಅನಿಸುತ್ತೆ. ಗುಡಿಸಲಲ್ಲಿ ಇರುವವರು ನಮ್ಮ ಸಭೆಯವರೇ ಆದರೂ!

'ಇದು ಸಮಯ ಅಲ್ಲ' ಅನ್ನುವ ಮಾತೂ ಹಳೆಯದೇ. 1963ರಲ್ಲಿ ಅಮೆರಿಕದ ಬರ್ಮಿಂಗ್‌ಹ್ಯಾಮ್‌ನಲ್ಲಿ ಕರಿಯರ ಮೆರವಣಿಗೆ ಅಕಾಲಿಕ ಅಂತ ಪತ್ರಿಕೆಗೆ ಬರೆದ ಎಂಟು ಜನ ಕೆಟ್ಟವರಲ್ಲ, ಧರ್ಮಗುರುಗಳು. ಮಾರ್ಟಿನ್ ಲೂಥರ್ ಕಿಂಗ್ ಜೈಲಿನಿಂದ ಬರೆದ ಪತ್ರ ಅವರಿಗೇ ಉತ್ತರ.

ಇನ್ನು ಕೊಡಗಿನ ಮಾತು. 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ತಂದ ಮಿಷನರಿ ಹರ್ಮನ್ ಮೋಗ್ಲಿಂಗ್ ಆಮೇಲೆ ಕೊಡಗಿಗೆ ಬಂದರು. ಇಲ್ಲಿ ಜಮೀನಿಗೆ ಕಟ್ಟುಬಿದ್ದು ದುಡಿಯುತ್ತಿದ್ದ ದಲಿತ ಕುಟುಂಬಗಳು ಕ್ರೈಸ್ತರಾದಾಗ, ಅವರಿಗಾಗಿ ಸಿದ್ದಾಪುರದ ಕಡೆ ಆನಂದಪುರ ಅನ್ನುವ ನೆಲೆ ಎದ್ದಿತು. ಬ್ಯಾಪ್ಟಿಸಂ ಆದವರಿಗೆ ಕಾಲೂರಲು ಜಾಗ ಎಲ್ಲಿ ಅನ್ನುವುದು ಕೊಡಗಿನ ನಮ್ಮ ಸಭೆಗಳ ಮೊದಲ ಪ್ರಶ್ನೆಗಳಲ್ಲಿ ಒಂದು. ಜಾಗದ ಮಾತು ರಾಜಕೀಯ, ದೇವಾಲಯಕ್ಕೆ ತರಬೇಡಿ ಅನ್ನುವ ಹಿರಿಯರಿಗೆ ಇದನ್ನು ಮೆತ್ತಗೆ ನೆನಪಿಸಿ.

---

ವಿರಾಜಪೇಟೆ_ಕೊಂಕಣಿ

ನಾವು ಕಥೋಲಿಕರು. ನಮ್ಮಲ್ಲಿ ಹೇಗೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ನಮ್ಮ ಹಿರಿಯರು ಕೊಡಗಿಗೆ ಬಂದದ್ದೇ ಟಿಪ್ಪುವಿನ ಕಾಲದಲ್ಲಿ. 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದರು. ತಪ್ಪಿಸಿಕೊಂಡು ಬಂದವರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಜಾಗ ಕೊಟ್ಟ. ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯ 1792ರದ್ದು. ಈ ಕಥೆ ನಮ್ಮ ಮನೆಗಳಲ್ಲಿ ಅಜ್ಜಿ ಹೇಳಿದ ಕಥೆ, ಪುಸ್ತಕದ್ದಲ್ಲ.

ಹಾಗಾಗಿ 2015ರ ನವೆಂಬರ್‌ನಲ್ಲಿ ಟಿಪ್ಪು ಜಯಂತಿ ದಿನ ಮಡಿಕೇರಿಯಲ್ಲಿ ಗಲಾಟೆ ಆಗಿ ಜೀವ ಹೋದಾಗ, ಫಾದರ್ ಈ ವಾರ ಗಟ್ಟಿಯಾಗಿ ಹೇಳಲೇಬೇಕು ಅಂತ ನಮ್ಮವರಿಗೆಲ್ಲ ಇತ್ತು. ನನಗೂ ಇತ್ತು. ಆಗ ನಾವು ಹೋಗುತ್ತಿದ್ದ ಧರ್ಮಕೇಂದ್ರದ ಫಾದರ್ ಪ್ರಬೋಧನೆಯಲ್ಲಿ ಟಿಪ್ಪು ಹೆಸರೇ ತೆಗೆಯಲಿಲ್ಲ. ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಸತ್ತವರ ಮನೆಯವರಿಗಾಗಿ, ಮುಚ್ಚಿದ ಅಂಗಡಿಯವರಿಗಾಗಿ, ಬಂದೋಬಸ್ತಿಗೆ ನಿಂತ ಪೊಲೀಸರಿಗಾಗಿ ಪ್ರಾರ್ಥಿಸಿದರು. ನಮಗೆ ಸಪ್ಪೆ ಅನಿಸಿತು. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಸುತ್ತುವರಿದು ಕೇಳಿದೆವು. ಅವರು ಹೇಳಿದ್ದು ಇವತ್ತಿಗೂ ಮರೆತಿಲ್ಲ. 'ನಿಮ್ಮ ಅಜ್ಜಂದಿರ ನೋವು ನಿಜ, ಅದನ್ನು ನಾನು ಯಾವತ್ತೂ ಸುಳ್ಳು ಅನ್ನುವುದಿಲ್ಲ. ಆದರೆ ಈ ವಾರ ನಾನು ಅದನ್ನು ಹೇಳಿದರೆ ನೀವು ಇಲ್ಲಿಂದ ಹೊರಗೆ ಹೋಗಿ ಮೊದಲು ನೋಡುವುದು ಬಸ್ ಸ್ಟ್ಯಾಂಡ್ ಹತ್ತಿರದ ಮುಸ್ಲಿಂ ಅಂಗಡಿಯವನನ್ನು. ಅವನು ಏನು ಮಾಡಿದ?' ಅಂದರು. ಮುಂದೆ ಎಷ್ಟೋ ತಿಂಗಳಾದ ಮೇಲೆ, ಗಲಾಟೆ ತಣ್ಣಗಾದಾಗ, ಶ್ರೀರಂಗಪಟ್ಟಣದ ಕಥೆಯನ್ನೂ ಪೂರ್ತಿ ಹೇಳಿದರು.

ಇಲ್ಲಿ ಲೈನ್ ಮನೆಯ ತಂಗಿ ಬರೆದದ್ದನ್ನು ಓದಿದ ಮೇಲೆ ನನಗೆ ಅನಿಸಿದ್ದು ಇದು. ಮಾತು ಬೆಂಕಿಗೆ ತುಪ್ಪ ಆಗುತ್ತೆ ಅಂದಾಗ ನಮ್ಮ ಫಾದರ್ ಕಾದರು, ಸರಿ. ಆದರೆ ಅವರು ಪ್ರಾರ್ಥನೆಯನ್ನು ಬಿಡಲಿಲ್ಲ. ನೊಂದವರು ಯಾರೋ ಅವರ ಹೆಸರು ಅದೇ ಭಾನುವಾರ ದೇವರ ಮುಂದೆ ಬಂತು. ಅದಕ್ಕೆ ಕಾಯುವ ಅಗತ್ಯವೇ ಇಲ್ಲ.

ಇನ್ನೊಂದು ಮಾತು. ನಮ್ಮಲ್ಲಿ ಭಾನುವಾರದ ವಾಚನಗಳು ಮೂರು ವರ್ಷದ ಚಕ್ರದಲ್ಲಿ ಮೊದಲೇ ನಿಗದಿ ಆಗಿರುತ್ತವೆ. ಫಾದರ್ ಬೇಕಾದ್ದು ಆರಿಸುವ ಹಾಗಿಲ್ಲ, ಬೇಡವಾದ್ದು ಬಿಡುವ ಹಾಗೂ ಇಲ್ಲ. 2024ರ ಸೆಪ್ಟೆಂಬರ್ 29ಕ್ಕೆ ಯಾಕೋಬನ ಪತ್ರದ 5ನೇ ಅಧ್ಯಾಯ ಬಂತು. ನಿಮ್ಮ ಹೊಲ ಕೊಯ್ದವರ ಹಿಡಿದಿಟ್ಟ ಕೂಲಿ ಕೂಗುತ್ತಿದೆ ಅನ್ನುವ ಭಾಗ. ಓದಿದವರು ಹತ್ತು ಕೂಲಿಯವರನ್ನು ಇಟ್ಟುಕೊಂಡ ತೋಟದವರೇ. ಓದುತ್ತಾ ಅವರ ಸ್ವರ ಇಳಿಯಿತು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ.

---

ನಿವೃತ್ತ_ಸಭಾಪಾಲಕ

ವಿರಾಜಪೇಟೆಯವರು ಹೇಳಿದ್ದನ್ನು ಒಪ್ಪುತ್ತೇನೆ. ನಾನು ಪ್ರಾರ್ಥನೆಯ ವಿಷಯ ಬಿಟ್ಟಿದ್ದೆ, ಅದೇ ಮೊದಲು ಬರಬೇಕಿತ್ತು. ಲೈನ್ ಮನೆಯ ಮಗಳೇ, ಆ ಡಿಸೆಂಬರ್‌ನಲ್ಲಿ ನಾನು ಬೇರೆ ಸಭೆಯಲ್ಲಿದ್ದೆ. ದಿಡ್ಡಳ್ಳಿಯ ಹೆಸರನ್ನು ನಾನೂ ಹೇಳಲಿಲ್ಲ. ನೆನಪಿದೆ. ಕ್ಷಮಿಸಮ್ಮ.

---

ರೋಬಸ್ಟಾ_ಹೂವು

ಹತ್ತು ದಿನ ಆಯಿತು, ಏನಾಯಿತು ಅಂತ ಹೇಳಬೇಕು ಅಲ್ವಾ.

ಮೊದಲು ಅಪ್ಪನಿಗೆ ಇಲ್ಲಿ ಬರೆದದ್ದನ್ನೆಲ್ಲ ಓದಿ ಹೇಳಿದೆ. ಕಂಬದ ಹಿಂದೆ ಕೂರುವ ಮಾತಿಗೆ ಅಪ್ಪ ಎದ್ದು ಅಂಗಳಕ್ಕೆ ಹೋದರು. ಆಮೇಲೆ ಅಯ್ಯನವರ ಮನೆಗೆ ಹೋದೆ. ಅವರೂ ಮುಚ್ಚಿಡಲಿಲ್ಲ. ಆ ಹಿರಿಯರ ಮಾತಿಗಿಂತ, ತಪ್ಪು ಮಾತಾಡಿ ಎರಡೂ ಕಡೆಯವರನ್ನು ಕಳೆದುಕೊಂಡರೆ ಅನ್ನುವ ಭಯ ಜಾಸ್ತಿ ಇತ್ತಂತೆ. ಒಂದು ಕಡೆಯವರನ್ನು ಆಗಲೇ ಕಳೆದುಕೊಂಡಿದ್ದೀರಿ ಅಂದೆ. ತುಂಬ ಹೊತ್ತು ಮಾತಾಡಲಿಲ್ಲ.

ಶುಕ್ರವಾರ ಇಬ್ಬರೂ ಸೇರಿ ಆ ಎರಡು ಮನೆಗೆ ಹೋಗಿ ಬಂದೆವು. ಒಂದು ಮನೆಯಲ್ಲಿ ಬಾಗಿಲು ತೆಗೆದರು, ಮಾತು ಬರಲಿಲ್ಲ. ಇನ್ನೊಂದು ಮನೆಯಲ್ಲಿ ಅಜ್ಜಿ ಬೆಲ್ಲದ ಕಾಫಿ ಕೊಟ್ಟರು, ಚೆನ್ನಾಗಿ ಬೈದರು. ಭಾನುವಾರ ಪ್ರಾರ್ಥನೆಯಲ್ಲಿ ಮನೆ ಜಾಗ ಇಲ್ಲದವರ ಹೆಸರು ಬಂತು. ಕಾಣಿಕೆ ನಿಲ್ಲಿಸುತ್ತೇನೆ ಅಂದ ಹಿರಿಯರು ತಲೆ ಎತ್ತಲಿಲ್ಲ, ಎದ್ದೂ ಹೋಗಲಿಲ್ಲ.

ಮುಂದಿನ ಶನಿವಾರ ಮನೆ ಪ್ರಾರ್ಥನೆ ಆ ಅಜ್ಜಿಯ ಲೈನ್ ಮನೆಯಲ್ಲಿ. ಮುಗಿದ ಮೇಲೆ ಪೈಸಾರಿ ವಿಷಯ ಎಲ್ಲರೂ ಕೂತು ಮಾತಾಡುವುದು ಅಂತ ತೀರ್ಮಾನ. ಅಪ್ಪನೂ ಬರುತ್ತಾರೆ. ಲೈನ್ ಮನೆಯ ತಂಗಿ, ಒಂದು ಕೇಳಬೇಕಿತ್ತು. ಸಂಜೆ ಎಷ್ಟು ಗಂಟೆಗೆ ಇಟ್ಟರೆ ಒಳ್ಳೆಯದು? ಆ ಕಡೆ ತೋಟದಲ್ಲಿ ಈಗ ಆನೆ ಇದೆ ಅನ್ನುತ್ತಿದ್ದಾರೆ.

---

ಲೈನ್ಮನೆ_ಮಗಳು

ನಾಲ್ಕಕ್ಕೆ ಶುರು ಮಾಡಿ ಅಕ್ಕ, ಆರರ ಒಳಗೆ ಎಲ್ಲರೂ ಮನೆ ಸೇರಬೇಕು. ಶನಿವಾರ ಕೆಲಸ ಬಿಡುವುದು ತಡ ಆಗುತ್ತೆ, ಅರ್ಧ ಗಂಟೆ ಮುಂಚೆ ಬಿಡಲು ನಿಮ್ಮಪ್ಪ ತೋಟದ ರೈಟರಿಗೆ (ಲೆಕ್ಕ ಬರೆಯುವವರಿಗೆ) ಒಂದು ಮಾತು ಹೇಳಿದರೆ ಗಂಡಸರೂ ಬರುತ್ತಾರೆ. ಕುರ್ಚಿ ತರಿಸಬೇಡಿ. ಚಾಪೆ ಇರುತ್ತೆ.